ಗಂಡುಹಿಟ್ಟು

"ಕಣ್ಣೇನು ಕುಂಡಿ ಕೆಳಗಿಟ್ಕೊಂಡು ಕೂತಿದೀಯೇನೇ ಮುಂಡೆ? ಇದು ಗಂಡಾ? ಸರಿಯಾಗಿ ನೋಡಿ ಹೇಳು, ಇದು ಗಂಡಾ?"

ಧಣಿ ಎಸೆದ ಮೀನು ಬಲೆಯವನ ಹೆಂಡತಿಯ ಕೆನ್ನೆಗೆ ಬಡಿದು ಮಡಿಲಿಗೆ ಬಿದ್ದು ಒದ್ದಾಡಿತು. ಮೊದಲೆಲ್ಲ ಧಣಿ ಹೀಗೆ ಬೈದರೆ ಅವಳ ಗಂಡ ಬಲೆ ಎಳೆಯುತ್ತಿದ್ದಲ್ಲಿಂದಲೇ, "ನಾನಿನ್ನೂ ಬದುಕಿದೀನಲ್ಲ ಧಣಿ, ಅವಳು ಮುಂಡೆ ಹೆಂಗಾಗ್ತಾಳೆ?" ಎಂದು ನಗಾಡುತ್ತಿದ್ದ. ಈಗ ಹಾಗೆ ಕೇಳಲು ಅವನಿರಲಿಲ್ಲ. ಕೊಳದ ನೀರಿಗೆ ಗಾಳಿ ಬೆರೆಸುವ ಚಕ್ರದಿಂದ ಕರೆಂಟು ಸೋರಿತ್ತು. ಎದೆಮಟ್ಟ ನೀರಲ್ಲಿ ನಿಂತಿದ್ದವನು ಮೀನುಗಳ ಜೊತೆಗೇ ತೇಲಿದ. ಮೀನುಗಳಿಗೆ ವಿಮೆ ಇತ್ತು.

"ಹೆಣ್ಣು, ಧಣಿ," ಎಂದಳು ತಲೆ ತಗ್ಗಿಸಿ.

"ಒಂದು ಹೆಣ್ಣು ನುಗ್ಗಿದ್ರೆ ಕೊಳಾನೇ ಕೆಟ್ಟುಹೋಗತ್ತೆ ಅಂತ ಎಷ್ಟು ಸಲ ಬಡ್ಕೋಬೇಕೇ ನಿಮ್ಮ ಹತ್ರ?"

ಧಣಿಯ ಸಂಕಟ ಧಣಿಗೆ. ತಿಲಾಪಿಯ ಜಾತಿಯ ಹೆಣ್ಣು ಮೀನು ಮೊಟ್ಟೆಯಿಟ್ಟ ಮೇಲೆ ಅವನ್ನು ಬಾಯಲ್ಲೇ ಇಟ್ಟುಕೊಂಡು, ಮರಿಯಾಗುವ ತನಕ ಉಪವಾಸ ಕೂರುತ್ತದೆ. ಮಕ್ಕಳಿಗಾಗಿ ಬಾಯಿ ಕಟ್ಟಿದವಳ ಮೈಯಲ್ಲಿ ಮಾಂಸ ಎಲ್ಲಿಂದ ಬರಬೇಕು? ಮರಿಗಳು ಕೊಳ ತುಂಬಿದರೆ ಗಂಡಿಗೂ ಮೇವು ಸಾಲದು. ಕಡಲಾಚೆಯ ಗಿರಾಕಿಗಳಿಗೋ ಮುಳ್ಳಿಲ್ಲದ, ವಾಸನೆಯಿಲ್ಲದ, ಎಲ್ಲವೂ ಒಂದೇ ಅಳತೆಯ ಬಿಳೀ ತುಂಡು ಬೇಕು. ಒಂದು ಕಾಲಕ್ಕೆ ನಾಯಿಯೂ ಮೂಸದಿದ್ದ ಮೀನು ಈಗ ಐಸಿನಲ್ಲಿ ಮಲಗಿ, ಹಡಗು ಹತ್ತಿ ದೇಶ ದೇಶ ಸುತ್ತುತ್ತಿತ್ತು. ಕೆಲಸದವರ ಪಾಲಿಗೆ ತಲೆ ಮತ್ತು ಮುಳ್ಳು.

ಹಾಗಾಗಿ ಫಾರಮ್ಮಿನಲ್ಲಿ ಗಂಡಿಗಷ್ಟೇ ಜಾಗ. ಆಗತಾನೆ ಈಜಲು ಕಲಿತ ಮರಿಗಳಿಗೆ ಒಂದು ತಿಂಗಳು ಔಷಧಿ ಬೆರೆಸಿದ ಹಿಟ್ಟು ಹಾಕಿದರೆ, ಹೆಣ್ಣಾಗಬೇಕಿದ್ದದ್ದೂ ಗಂಡಾಗುತ್ತದೆ. ಹೆಂಗಸರು ಅದನ್ನು ಗಂಡುಹಿಟ್ಟು ಎನ್ನುತ್ತಿದ್ದರು. ಅದನ್ನು ತಿಂದೂ ಹೆಣ್ಣಾಗಿಯೇ ಉಳಿದ ಹಟಮಾರಿಗಳು ಇರುತ್ತವಲ್ಲ, ಅವನ್ನು ಹೊಟ್ಟೆ ಮೇಲಾಗಿ ಮಲಗಿಸಿ, ಬಾಲದ ಬುಡಕ್ಕೆ ನೀಲಿ ಬಣ್ಣ ಸವರಿ, ಗುರುತು ನೋಡಿ ಹೆಕ್ಕಿ ಎಸೆಯುವುದು ಹೆಂಗಸರ ಕೆಲಸ.

"ಇನ್ನೊಂದು," ಧಣಿ ಹೊರಡುತ್ತ ಅಂದ. "ಮುಂದಿನ ತಿಂಗಳು ಗಿರಾಕಿಗಳು ಬರ್ತಾರೆ. ಅಷ್ಟರಲ್ಲಿ ರೂಮು ಖಾಲಿ ಮಾಡು. ಅದು ಗಂಡಾಳಿಗೆ ಕೊಡೋ ರೂಮು."

"ಎಲ್ಲಿಗೆ ಹೋಗ್ಲಿ ಧಣಿ? ಅತ್ತೆಗೆ ಕಾಲು ಬಿದ್ದುಹೋಗಿದೆ. ಬಲೆ ನಾನೇ ಎಳೀತೀನಿ. ನಮ್ಮನೆಯವರಿಗೆ ಜ್ವರ ಬಂದಾಗೆಲ್ಲ ನಾನೇ ತಾನೇ ಎಳೆದಿದ್ದು?"

"ಗಂಡಾಳಿಗೆ ಅಂದ್ನಲ್ಲ."

"ಬಲೆ ಎಳೆಯೋದು ಕೈ ಅಲ್ವಾ ಧಣಿ?"

ಪಕ್ಕದಲ್ಲಿದ್ದ ಮ್ಯಾನೇಜರ್ ಕಿಸಕ್ಕೆಂದ. ಧಣಿಗೂ ತಮಾಷೆ ಹತ್ತಿತು. "ಆಯ್ತು ಬಿಡು. ಗಂಡಾಗಿ ಬಾ, ಬೀಗದ ಕೈ ನಾನೇ ಕೊಡ್ತೀನಿ. ಹಿಟ್ಟು ಹೆಂಗೂ ಇದೆ, ತಿನ್ನು."

ಗಂಡಾಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಗಂಡನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರೂ ನಕ್ಕರು. ಅವಳಿಗೆ ಧಣಿಯ ಮಾತಿಗಿಂತ ಅದೇ ಹೆಚ್ಚು ಉರಿಯಿತು.

ರೂಮೆಂದರೆ ಎಂಥ ರೂಮು? ಒಂದು ಬಾಗಿಲು, ಕಿಟಕಿ ಅಂತ ಒಂದು ತೂತು, ಗೋಡೆಗೆಲ್ಲ ಮೀನಿನ ವಾಸನೆ. ಆದರೆ ಮೇಲೆ ತಗಡಿತ್ತು, ಅತ್ತೆಯ ಮಂಚಕ್ಕೆ ಜಾಗವಿತ್ತು. ಮಂಚದ ಮೇಲೆ ಮಲಗಿದ್ದ ಅತ್ತೆ ಎಲ್ಲ ಕೇಳಿ, "ಆ ಮಾತು ಧಣಿ ಬಾಯಿಂದಲೇ ಬಂತಾ?" ಎಂದಳು.

"ಹೂಂ ಅತ್ತೆ."

"ಎಲ್ಲರ ಮುಂದೆ?"

"ಎಲ್ಲರ ಮುಂದೇನೇ."

"ಹಂಗಾದ್ರೆ ತಿನ್ನು. ನನ್ನ ಮಗ ಗಂಡಾಗಿ ಹುಟ್ಟಿ ಏನು ಕಿಸಿದ? ಹೋಗಿ ಕರೆಂಟು ಹೊಡೆಸ್ಕೊಂಡ. ನೀನಾದ್ರೂ ತಿಂದು ಗಂಡಾಗು." ಹಾಗೆಂದವಳು ಗೋಡೆ ಕಡೆ ತಿರುಗಿ ಅತ್ತಳು.

ಮರುದಿನ ಮಧ್ಯಾಹ್ನ ಬಲೆಯವನ ಹೆಂಡತಿ ಡಬ್ಬದಿಂದ ಹಿಟ್ಟು ಬಗೆದು, ನೀರಲ್ಲಿ ಕಲಸಿ, ಶೆಡ್ಡಿನ ಬಾಗಿಲಲ್ಲೇ ಕೂತು ತಿಂದಳು. ಮ್ಯಾನೇಜರ್ ಓಡಿ ಬಂದ.

"ಉಗಿಯೇ, ಉಗಿ. ಅದು ಮೀನಿಂದು."

"ಧಣಿ ಹೇಳಿದಾರಲ್ಲ."

ಮ್ಯಾನೇಜರ್ ಫೋನು ಮಾಡಿದರೆ ಧಣಿ ಆ ಕಡೆಯಿಂದ ಬಿದ್ದು ಬಿದ್ದು ನಕ್ಕ. "ತಿನ್ಲಿ ಬಿಡಯ್ಯ. ಮೀಸೆ ಬಂದ್ರೆ ಹೇಳು." ಇನ್ನು ಮ್ಯಾನೇಜರಿಗೆ ಬೇರೆ ಚಿಂತೆ ಹತ್ತಿತು. ಮೀನಿಗೆ ಮೈತೂಕ ನೋಡಿ ಹಿಟ್ಟು ಹಾಕುವುದು ರೂಢಿ. ಅದೇ ಲೆಕ್ಕದಲ್ಲಿ ಇವಳಿಗೆ ಕೊಟ್ಟರೆ ತೊಟ್ಟಿಗಟ್ಟಲೆ ಮರಿಗಳು ಉಪವಾಸ ಬೀಳುತ್ತವೆ. ಯೋಚಿಸಿ ಯೋಚಿಸಿ ದಿನಕ್ಕೆ ಎರಡು ಚಮಚ ಎಂದು ಗೊತ್ತುಮಾಡಿದ. ಅಳೆದು ಕೊಟ್ಟು, ಅವಳು ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದ, ಎಲ್ಲಿ ಮನೆಗೆ ಕದ್ದೊಯ್ಯುತ್ತಾಳೋ ಅಂತ.

ದಿನಾ ಬೆಳಗ್ಗೆ ಅತ್ತೆ ಸೊಸೆಯ ಮೇಲ್ದುಟಿ ಸವರಿ ನೋಡುತ್ತಿದ್ದಳು. "ಇನ್ನೂ ನುಣ್ಣಗಿದೆಯಲ್ಲೇ. ಕಲಬೆರಕೆ ಹಿಟ್ಟು ಅಂತ ಕಾಣತ್ತೆ."

ಮೀಸೆ ಬರಲಿಲ್ಲ. ಮುಖದ ತುಂಬ ಮೊಡವೆ ಎದ್ದವು, ತಿಂದದ್ದು ವಾಂತಿಯಾಗುತ್ತಿತ್ತು, ತಿಂಗಳಿಗೆ ಬರಬೇಕಾದ್ದು ಬರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಮೀನು ಆರಿಸುವ ಮೇಜಿನ ಬಳಿ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಉದ್ದಜಡೆ ಎಂಬ ಗೆಳತಿ, "ಸಾಕು ಬಿಡೇ, ಸತ್ತುಗಿತ್ತು ಹೋದೀಯ," ಎಂದು ಕೈ ಹಿಡಿದುಕೊಂಡಳು.

"ಸತ್ತರೆ ಅತ್ತೆಗೆ ರೂಮು ಕೊಡ್ತಾರಾ?" ಎಂದು ಕೇಳಿ ಇನ್ನೊಂದು ಚಮಚ ನುಂಗಿದಳು.

ಗಿರಾಕಿಗಳು ಬರುವ ದಿನ ಬೆಳಗ್ಗೆಯೇ ಮ್ಯಾನೇಜರ್ ಇಬ್ಬರು ಆಳುಗಳನ್ನು ಕರೆತಂದು ಪಾತ್ರೆಪಗಡ ಹೊರಗೆ ಹಾಕಿಸಿದ. ಅತ್ತೆಯನ್ನು ಮಂಚದ ಸಮೇತ ಎತ್ತಿ ಅಂಗಳದಲ್ಲಿಟ್ಟು ಬೀಗ ಜಡಿದ. "ಹಿಟ್ಟು ತಿಂದು ತಿಂಗಳು ತುಂಬೋದು ಇವತ್ತೇ ಕಣ್ರೋ," ಎಂದು ಮುದುಕಿ ಕೂಗುತ್ತಲೇ ಇದ್ದಳು. ಹೊಸ ಬಲೆಯವನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಗಿರಾಕಿಗಳು ತಲೆಗೂ ಕಾಲಿಗೂ ಪ್ಲಾಸ್ಟಿಕ್ ಚೀಲ ತೊಟ್ಟು ಬಂದರು. ಹೊರಗೆ ಮೀನು ತುಂಬಿದ ಲಾರಿಗಳು ಎಂಜಿನ್ ಆರಿಸದೆ ಕಾಯುತ್ತಿದ್ದವು. ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಮೀನು ನೋಡಿ ಬಿಳಿಗೂದಲಿನ ಹೆಂಗಸೊಬ್ಬಳು ಏನೋ ಕೇಳಿದಳು. ಜೊತೆಗೆ ಬಂದಿದ್ದ ದುಭಾಷಿ ಹೇಳಿದ: "ಎಲ್ಲಾ ಗಂಡೇ ಅಂತ ಹೇಗೆ ನಂಬೋದು? ಮೆಷಿನ್ ಇದೆಯಾ ಅಂತಾರೆ."

"ಮೆಷಿನ್ ಯಾಕೆ ಬೇಕು?" ಮ್ಯಾನೇಜರ್ ಎದೆಯುಬ್ಬಿಸಿದ. "ಈ ಹೆಂಗಸರು ಗಂಡು ಅಂದ್ರೆ ಗಂಡು. ಇವರ ಮಾತಿನ ಮೇಲೇ ನಾವು ಮುದ್ರೆ ಒತ್ತೋದು. ಇವರ ಬಾಯಲ್ಲಿ ತಪ್ಪು ಬಂದದ್ದೇ ಇಲ್ಲ."

"ಬಂದದ್ದೇ ಇಲ್ಲ," ಎಂದು ಧಣಿಯೂ ತಲೆಯಾಡಿಸಿದ.

ಬಲೆಯವನ ಹೆಂಡತಿ ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮೇಜು ಹತ್ತಿ ಅಂಗಾತ ಮಲಗಿದಳು. ಮೇಜಿನ ತಗಡಿನ ಮೇಲಿದ್ದ ತಣ್ಣೀರು ಬೆನ್ನಿಗೆ ಹತ್ತಿ ಮೈ ಜುಂ ಎಂದಿತು.

"ಒಂದು ತಿಂಗಳು ಹಿಟ್ಟು ತಿಂದಿದೀನಿ. ನೋಡ್ರೇ, ನನ್ನೂ ಆರ್ಸಿ."

"ಇಳಿಯೇ ಕೆಳಗೆ," ಧಣಿ ಗಿರಾಕಿಗಳ ಕಡೆ ನಗುತ್ತಲೇ ಹಲ್ಲು ಕಡಿದ.

ಉದ್ದಜಡೆ ಕುಂಚವನ್ನು ನೀಲಿ ಬಣ್ಣಕ್ಕೆ ಅದ್ದಿ, ಮಲಗಿದ್ದವಳ ಹೊಟ್ಟೆಯ ಮೇಲೆ ಒಂದು ಗೆರೆ ಎಳೆದು, ಮೀನನ್ನು ನೋಡುವಷ್ಟೇ ಗಂಭೀರವಾಗಿ ಬಗ್ಗಿ ನೋಡಿದಳು.

"ಗಂಡು," ಎಂದಳು.

"ಗಂಡೇ," ಎಂದಳು ಪಕ್ಕದವಳು.

"ಅಪ್ಪಟ ಗಂಡು, ಅನುಮಾನಾನೇ ಇಲ್ಲ," ಎಂದಳು ತುದಿಯಲ್ಲಿದ್ದವಳು.

ದುಭಾಷಿ ಪಾಪ, ಕೇಳಿದ್ದನ್ನೆಲ್ಲ ಹೇಳುವುದೇ ಅವನ ಹೊಟ್ಟೆಪಾಡು. ಹೇಳಿಬಿಟ್ಟ. ಅಷ್ಟು ಹೊತ್ತು ತಮಾಷೆ ಎಂದುಕೊಂಡಿದ್ದ ಗಿರಾಕಿಗಳ ನಗು ನಿಂತಿತು. ಬಿಳಿಗೂದಲಿನವಳು ಮೇಜಿನ ಕಡೆ ಬೆರಳು ತೋರಿಸಿ ಧಣಿಯನ್ನೇ ಕೇಳಿದಳು. ದುಭಾಷಿ ಹೇಳಿದ: "ಇವರ ಮಾತಲ್ಲಿ ತಪ್ಪಿಲ್ಲ ಅಂದಿರಿ. ಇದು ಗಂಡಾ ಅಂತಾರೆ."

ಧಣಿ ಲಾರಿಗಳ ಕಡೆ ನೋಡಿದ. ಹೆಣ್ಣು ಎಂದರೆ ಈ ಹೆಂಗಸರು ಸುಳ್ಳಿಯರಾದರು. ಇವರು ಸುಳ್ಳಿಯರಾದರೆ ಲಾರಿಯಲ್ಲಿದ್ದ ಮೀನೆಲ್ಲ ಏನಾಯಿತು?

"ಹೇಳಿ ಧಣಿ," ಎಂದಳು ಬಲೆಯವನ ಹೆಂಡತಿ, ಮಲಗಿದ್ದಲ್ಲಿಂದಲೇ. "ಇವರು ಹೇಳಿದ್ದು ಸುಳ್ಳಾ?"

"ಗಂಡು."

"ಜೋರಾಗಿ ಹೇಳಿ. ಅಂಗಳದಲ್ಲಿ ಅತ್ತೆ ಇದಾರೆ, ಅವರಿಗೆ ಕೇಳ್ಬೇಕು."

"ಗಂಡು ಕಣೇ, ಗಂಡು."

"ಕಣೇ ಅಲ್ಲ ಧಣಿ, ಕಣೋ," ಎಂದು ತಿದ್ದಿದಳು ಉದ್ದಜಡೆ.

ಬಲೆಯವನ ಹೆಂಡತಿ ಮೇಜಿನಿಂದ ಇಳಿದು ಧಣಿಯ ಮುಂದೆ ಎಡಗೈ ಚಾಚಿದಳು. "ಬೀಗದ ಕೈ." ಧಣಿ ಮ್ಯಾನೇಜರನ ಮುಖ ನೋಡಿದ, ಮ್ಯಾನೇಜರ್ ಧಣಿಯ ಮುಖ ನೋಡಿದ. ಅಷ್ಟರಲ್ಲಿ ಉದ್ದಜಡೆ ಕುಂಚವನ್ನು ಗೆಳತಿಯ ಬಲಗೈಗೆ ಕೊಟ್ಟು, ಜಡೆ ಎತ್ತಿ ಕಟ್ಟಿ, ತಾನೇ ಮೇಜು ಹತ್ತಿ ಅಂಗಾತ ಮಲಗಿದಳು. ಅವಳು ಹಿಟ್ಟನ್ನು ಒಂದು ಚಿಟಿಕೆಯೂ ಬಾಯಿಗಿಟ್ಟವಳಲ್ಲ. ಉಳಿದ ಹೆಂಗಸರು ಕೈ ಒರೆಸಿಕೊಂಡು ಅವಳ ಹಿಂದೆ ಸಾಲುಗಟ್ಟತೊಡಗಿದರು.

ಬಲೆಯವನ ಹೆಂಡತಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಉದ್ದಜಡೆಗೆ ನೀಲಿ ಗೆರೆ ಎಳೆದು, ಬಗ್ಗಿಯೂ ನೋಡದೆ, "ಗಂಡು. ಮುಂದಿನವಳು ಬಾ," ಎಂದಳು.