ಬಾಣಂತಿ ಕೋಣೆಯ ಬೆಂಕಿ

ತಾನಾ ರಾತಾದ ಗುಡ್ಡದ ಮೇಲೆ ಸಂಜೆಯಾಯಿತೆಂದರೆ ಮಂಜು ಬಂದು ಕಿಟಕಿಯ ಗಾಜಿಗೇ ಆತುಕೊಳ್ಳುತ್ತಿತ್ತು. ಮಲೇಶಿಯಾ ಎಂದರೆ ಬರೀ ಸೆಕೆ ಎಂದುಕೊಂಡು ಮೈಸೂರಿನಿಂದ ಹತ್ತಿ ಸೀರೆಗಳನ್ನೇ ತುಂಬಿಕೊಂಡು ಬಂದಿದ್ದ ವಿನೋದಾಗೆ, ಮಗಳ ಬಾಣಂತನವನ್ನು ಈ ಚಳಿಯಲ್ಲಿ ಹೇಗೆ ದಾಟಿಸುವುದೆಂಬುದೇ ಚಿಂತೆ.

ಅಳಿಯ ತ್ರಿವಿಕ್ರಮ ಮನೆಯಲ್ಲೇ ಕೂತು ಕೌಲಾಲಂಪುರದ ಕಂಪನಿಗೆ ಕೆಲಸ ಮಾಡುವವನು. ಗ್ಯಾಸಿನ ಬೆಂಕಿಗೂಡು ಕೊಳ್ಳೋಣವೆಂದು ಅಂಗಡಿಯ ದೇವದಾಸನನ್ನು ಕರೆಸಿದ. ಒಂದು ಬಗೆಗೆ ಗೋಡೆ ಕೊರೆದು ಹೊಗೆಕೊಳವೆ ಇಡಬೇಕು. ಇನ್ನೊಂದಕ್ಕೆ ಕೊಳವೆಯೇ ಬೇಡ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಚಕ್ರದ ಮೇಲೆ ಓಡಾಡುತ್ತದೆ.

"ಗೋಡೆಗೆ ತೂತಿಲ್ಲ, ಕಣ್ಣಿಗೆ ಹೊಗೆಯಿಲ್ಲ. ನಮಗೆ ಇದೇ ಸರಿ," ಎಂದು ಆರಿಸಿದವಳು ವಿನೋದಾ.

"ಒಂದು ದಿನ ಉರಿಸಿ ನೋಡಿ ಆಂಟಿ, ಆಮೇಲೆ ಹೇಳಿ," ಎಂದ ದೇವದಾಸ, ತನ್ನ ತಮಿಳಿಗೆ ಕೈಸನ್ನೆಯನ್ನೂ ಮಾತಿನ ಕೊನೆಗೆ ಅಲ್ಲಿಯವರು ಸೇರಿಸುವ 'ಲಾ'ವನ್ನೂ ಬೆರೆಸಿ. "ಆದ್ರೆ ಹೊರಗಿನ ಹಾಲ್‌ನಲ್ಲಿ ಮಾತ್ರ ಲಾ. ಕಿಟಕಿ ಸ್ವಲ್ಪ ತೆರೆದಿರ್ಬೇಕು. ಮಲಗೋ ರೂಮಿಗೆ ಬೇಡ."

ವಿನೋದಾ ತಲೆಯಾಡಿಸಿದಳು. ಅವನ ವ್ಯಾನು ಇಳಿಜಾರಿನಲ್ಲಿ ಮರೆಯಾದದ್ದೇ ತಡ, ಬೆಂಕಿಗೂಡು ಬಾಣಂತಿ ಕೋಣೆಗೆ ಹೋಯಿತು.

"ಅತ್ತೆ, ಅವನು ಹಾಲಲ್ಲಿ ಅಂದ," ಎಂದ ತ್ರಿವಿಕ್ರಮ, ತಳ್ಳುತ್ತಲೇ.

"ಹಾಲಲ್ಲಿ ಯಾರಿಗೆ ಬಾಣಂತನ, ನಿಮಗಾ?"

ಅವನು ನಕ್ಕು ಬೆಂಕಿ ಹಚ್ಚಿಕೊಟ್ಟು ತನ್ನ ಮೀಟಿಂಗಿಗೆ ಹೋದ. ವಿನೋದಾ ಕಿಟಕಿಯ ಅಗುಳಿ ಹಾಕಿದಳು. ತನ್ನ ಅಮ್ಮ ಮಾಡುತ್ತಿದ್ದ ಹಾಗೆ ಹಳೆ ಸೀರೆಯನ್ನು ಸುರುಳಿ ಸುತ್ತಿ ಬಾಗಿಲ ಕೆಳಗಿನ ಸಂದಿಗೆ ತುರುಕಿದಳು. ಬಾಣಂತಿಗೆ ಗಾಳಿ ಸೋಕಬಾರದು. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಹಾಗೆಯೇ ಮೈಗೆ ಬಂದ ಮಾತು.

ಕೋಣೆ ಹಿತವಾಗಿ ಬೆಚ್ಚಗಾಯಿತು. ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡ ಮಗಳು ಅನನ್ಯ, ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬೆಂಕಿಯನ್ನೇ ನೋಡುತ್ತಿದ್ದಳು.

"ಅಮ್ಮಾ, ಕಿಟಕಿ ಒಂಚೂರು ತೆಗಿಯೇ. ತಲೆ ಹಿಡ್ಕೊಂಡಂಗಿದೆ."

"ಎಣ್ಣೆ ನೀರು ಹಾಕಿದ್ದಲ್ಲ, ಹಾಗನ್ಸುತ್ತೆ. ಕಣ್ಮುಚ್ಕೊಂಡು ಮಲಕ್ಕೋ."

ವಿನೋದಾ ಓಮದ ಕಷಾಯ ಕಾಯಿಸಲು ಅಡುಗೆಮನೆಗೆ ಹೋದಳು. ಮರಳುವಷ್ಟರಲ್ಲಿ ಬೆಂಕಿ ತಾನಾಗಿ ಆರಿತ್ತು. ತ್ರಿವಿಕ್ರಮ ಮೀಟಿಂಗಿನ ಮಧ್ಯೆ ಎದ್ದು ಬಂದ. ಬಾಗಿಲನ್ನು ಹಾರುಹೊಡೆದಿಟ್ಟು ಗುಂಡಿಯನ್ನು ಎಷ್ಟು ಒತ್ತಿದರೂ ಮೊದಲು ಹತ್ತಲಿಲ್ಲ. ಆಮೇಲೆ ಹತ್ತಿತು, ನೀಲಿಯಾಗಿ, ಚೆನ್ನಾಗಿಯೇ.

"ಪೀಸೇ ಸರಿಯಿಲ್ಲ. ನಾಳೆ ಬದಲಾಯಿಸ್ಕೊಡು ಅಂತೀನಿ," ಎಂದು ಹೊರಟ.

ವಿನೋದಾ ಬಾಗಿಲು ಹಾಕಿ, ಸೀರೆಯನ್ನು ಮತ್ತೆ ತುರುಕಿ, ಗೋಡೆಗೊರಗಿ ಕೂತಳು. ಅನನ್ಯಳಿಗೆ ಜೊಂಪು ಹತ್ತಿತ್ತು. ಕಷಾಯ ಲೋಟದಲ್ಲೇ ತಣ್ಣಗಾಗುತ್ತಿತ್ತು. ಈ ಹೊತ್ತಿಗೆ ಹಾಲಿಗೆ ಅತ್ತು ಮನೆ ತಲೆಮೇಲೆ ಮಾಡಬೇಕಾದ ಕೂಸು ಸುಮ್ಮನಿತ್ತು. ಒಳ್ಳೆ ನಿದ್ದೆ ಎಂದುಕೊಂಡಳು. ತನ್ನ ನೆತ್ತಿಯೂ ಬಿಗಿಯುತ್ತಿದೆ ಎಂದು ಗೊತ್ತಾದದ್ದು ಆಗ.

ತಾನು ಎಣ್ಣೆ ನೀರು ಹಾಕಿಕೊಂಡಿರಲಿಲ್ಲವಲ್ಲ.

ಬೆಂಕಿ ಸಣ್ಣಗೆ ನಡುಗಿ ಮತ್ತೆ ಆರಿತು. ವಿನೋದಾಳ ಕಣ್ಣು ಅದರ ಮೇಲಿಂದ ಬಾಗಿಲಿಗೆ, ಬಾಗಿಲಿಂದ ಸೀರೆಯ ಸುರುಳಿಗೆ ಹೋಯಿತು. ತೆರೆದಿಟ್ಟಾಗ ಹತ್ತಿತು. ಮುಚ್ಚಿದ ಮೇಲೆ ಸತ್ತಿತು. ಬೆಂಕಿಗೇ ಉಸಿರು ಸಾಲದ ಕಡೆ ಇವರಿಬ್ಬರು ಮಲಗಿದ್ದಾರೆ.

"ಅನೂ," ಎಂದಳು. ಭುಜ ಹಿಡಿದು ಅಲ್ಲಾಡಿಸಿದಳು. ಮಗಳ ತಲೆ ದಿಂಬಿನ ಮೇಲೆ ಅತ್ತ ಹೊರಳಿತಷ್ಟೆ.

ಎದ್ದು ನಿಂತರೆ ಕಾಲು ತನ್ನದಲ್ಲ ಎನ್ನುವಂತಿತ್ತು. ಗೋಡೆ ಹಿಡಿದು ಕಿಟಕಿಗೆ ಹೋಗಿ ಅಗುಳಿಗೆ ಕೈಯಿಟ್ಟಳು. ಹೊರಗೆ ಬಿಳಿ ಮಂಜು, ಒಳಗೆ ಹಸಿ ಬಾಣಂತಿ. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಎರಡೂ ರೆಕ್ಕೆಗಳನ್ನು ನೂಕಿ ತೆರೆದಳು. ಚಳಿ ಮುಖಕ್ಕೆ ರಾಚಿತು. ಬಾಗಿಲ ಬುಡದ ಸೀರೆಯನ್ನು ಕಾಲಲ್ಲೇ ಎಳೆದೆಸೆದು, ಬಾಗಿಲು ಕಿತ್ತುಬರುವಂತೆ ಎಳೆದಳು.

ಸದ್ದಿಗೆ ತ್ರಿವಿಕ್ರಮ ಓಡಿಬಂದ. ಆರಿದ ಬೆಂಕಿ ಕಂಡು ಕೈ ಗುಂಡಿಯತ್ತ ಹೋಯಿತು.

"ಹಚ್ಚಬೇಡಿ. ಸಿಲಿಂಡರ್ ಬಂದ್ ಮಾಡಿ, ಅನೂನ ಎತ್ಕೊಳ್ಳಿ."

"ಆದ್ರೆ ಹೊರಗೆ ಚಳಿ, ಅತ್ತೆ..."

"ಎತ್ಕೊಳ್ಳಿ ಅಂದೆ."

ಕೂಸನ್ನು ಅವಳೇ ಎದೆಗೊತ್ತಿಕೊಂಡು ಜಗಲಿಗೆ ನಡೆದಳು. ಅದರ ಅಂಗಾಲನ್ನು ಬೆರಳಿಂದ ಗೀರಿದಳು. ಇನ್ನೊಮ್ಮೆ ಗೀರಿದಳು. ಪುಟ್ಟ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಗುಡ್ಡದ ಕೆಳಗೆ ಯಾವುದೋ ಲಾರಿ ಏರುತ್ತಿತ್ತು. ಅದರ ಸದ್ದನ್ನು ಸೀಳಿಕೊಂಡು ಕೂಸು ಕಿರುಚಿತು. ಆ ಕೂಗಿಗೆ ಅನನ್ಯ, ಗಂಡನ ತೋಳಲ್ಲೇ ಕಣ್ಣು ಬಿಟ್ಟು, ಅವನ ಅಂಗಿಯ ಮೇಲೆ ವಾಂತಿ ಮಾಡಿಕೊಂಡಳು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿದ ಡಾಕ್ಟರಮ್ಮ ವಿನೋದಾಳ ಮುಖ ನೋಡಿ ಮಾತು ನಿಲ್ಲಿಸಿದರು.

ಮನೆಗೆ ಮರಳಿದ ಮೇಲೆ ದೇವದಾಸ ಬಂದ. ಬೆಂಕಿಗೂಡು ಬಾಣಂತಿ ಕೋಣೆಯಲ್ಲಿದ್ದುದನ್ನು ಕಂಡು ಅವನ ಮುಖ ಬಿಳುಚಿತು.

"ಹಾಲಲ್ಲಿ ಅಂತ ಹೇಳಿದ್ನಲ್ಲ ಆಂಟಿ."

"ಹೇಳಿದ್ದೆ ಕಣಪ್ಪ. ನಾನು ಬರೀ ತಲೆಯಾಡಿಸಿದೆ. ಇದನ್ನ ತಗೊಂಡ್ಹೋಗು. ಗೋಡೆ ಕೊರೀತೀಯಲ್ಲ, ಅದನ್ನ ತೋರ್ಸು."

"ತೂತು ದೊಡ್ಡದು ಲಾ."

"ಇರ್ಲಿ. ಅದು ಉಸಿರನ್ನ ಹೊರಗಿಂದ್ಲೇ ತಗೊಂಡು ಹೊರಗೇ ಬಿಡುತ್ತೋ ಇಲ್ವೋ, ಅಷ್ಟು ಹೇಳು."

"ಬಿಡುತ್ತೆ ಆಂಟಿ. ನಿಮ್ಮ ರೂಮಿನ ಗಾಳಿ ಮುಟ್ಟಲ್ಲ."

"ಹಾಗಾದ್ರೆ ಅದೇ."

ಒಳಗಿಂದ ಅನನ್ಯಳ ದನಿ ಬಂತು: "ಅಮ್ಮಾ, ಕಿಟಕಿ ಹಾಕ್ಲಾ? ಚಳಿ ಆಗ್ತಿದೆ."

"ಒಂದು ಗೇಣು ಬಿಟ್ಟು ಹಾಕೇ," ಎನ್ನುತ್ತ ವಿನೋದಾ, ಬಾಗಿಲ ಸಂದಿಯಿಂದ ಕಿತ್ತೆಸೆದು ಆಮೇಲೆ ಒಗೆದು ಮಡಿಚಿಟ್ಟಿದ್ದ ಹಳೆ ಸೀರೆಯನ್ನು ಬಿಡಿಸಿ, ಮಗಳ ಕಂಬಳಿಯ ಮೇಲೆ ಹೊದಿಸಲು ಎದ್ದಳು.