ಹಾಲನ್ ಕಟ್ಟಿದ ಬಳ್ಳಿ

"ಇದೂ ಒಂದು ಕುಂಬಳವಾ ಸುರೇಂದ್ರಾ? ಆ ವರ್ಸ ನನ್ ಕುಂಬಳ ಬೆಳ್ದು ನಿಂತಿದ್ರೆ ಅದರ ನೆರಳಿಗೆ ಕೂನೂರಲ್ಲಿ ಮೂರು ದಿನ ಬೆಳಕೇ ಹರೀತಿರ್ಲಿಲ್ಲ. ಊಟಿ ರೈಲು ಸುರಂಗ ಅಂದ್ಕಂಡು ಅದರೊಳಕ್ಕೇ ನುಗ್ಬುಡದು ಕನಾ."

ಹೀಗೆನ್ನುತ್ತಲೇ ನಂಜುಂಡೇಶ ಎಡಗೈಯ ಕುಡುಗೋಲನ್ನು ಬಳ್ಳಿಗೆ ಹಾಕಿ ಎಳೆದ. ಗೇಣುದ್ದ ತೊಟ್ಟು ಕಾಯಿಗೆ ಉಳಿದು ಬಳ್ಳಿ ಓರೆಯಾಗಿ ತುಂಡಾಯಿತು. ಕೊಯ್ದ ಬಾಯಿಂದ ನೀರು ಒಸರತೊಡಗಿತು.

ಸುರೇಂದ್ರನ್ ಕಾಯಿಯನ್ನು ಉರುಳಿಸಲು ಗೋಣಿತಾಟನ್ನು ಹತ್ತಿರಕ್ಕೆ ಎಳೆದ. ಅವನ ಅಪ್ಪ ಹಾಲನ್ ಹಟ್ಟಿಯ ಬಯಲಲ್ಲಿ ಮಂಚದ ಮೇಲೆ ಮಲಗಿದ್ದ. ಬುಧವಾರ ಬೆಳಿಗ್ಗೆ, ಗಾಳಿಗೆ ಬಳ್ಳಿ ಏಳದಿರಲೆಂದು ಬಿದಿರುಕಡ್ಡಿ ಚುಚ್ಚಲು ಹೋದವನು ಕಾಯಿಗೆ ಒರಗಿಕೊಂಡು ಕೂತವನು ಕೂತೇ ಇದ್ದ, ಉಸಿರು ನಿಂತಿತ್ತು. ಬರುವ ಭಾನುವಾರ ತರಕಾರಿ ಪೈಪೋಟಿಯ ತೂಕವಿತ್ತು. "ತೂಕಕ್ಕೆ ಹೋಗದಿದ್ರೆ ಬೇಡ, ಅವರ ಪಕ್ಕಕ್ಕೆ ತಂದಿಡಿ. ಆಮೇಲೆ ಬಂದ ಜನಕ್ಕೆ ಅಡುಗೆಯಾಗಲಿ" ಎಂದು ಹಾಲನ್‌ನ ಹೆಂಡತಿ ವಸಂತಾಮಣಿ ಹೇಳಿ ಕಳಿಸಿದ್ದಳು. ಕೊಯ್ಯಲು ಹೇಳಿದ್ದು ನಂಜುಂಡೇಶನಿಗೇ. ಹುಬ್ಬತಲೈ ಹಟ್ಟಿಯಲ್ಲಿ ಕುಂಬಳದ ಮರ್ಮ ತಿಳಿದ ಎರಡನೆಯವನು ತಾನು ಎಂಬುದು ಅವನಿಗೆ ಹೆಮ್ಮೆಯೂ ಹೌದು, ಹೊಟ್ಟೆಯೊಳಗಿನ ಕೆಂಡವೂ ಹೌದು.

ಆರು ಜನ ಹೊತ್ತರು. ಕಾಯಿ ನೂರಾ ಇಪ್ಪತ್ತು ಕಿಲೋಗೆ ಕಮ್ಮಿಯಿಲ್ಲ ಎಂದು ಒಬ್ಬ ಉಬ್ಬಸಪಟ್ಟ. "ನೀರು ಜಾಸ್ತಿ, ತಿರುಳು ಕಮ್ಮಿ" ಎಂದ ನಂಜುಂಡೇಶ.

ಬಯಲಲ್ಲಿ ಬಿಳಿ ಮುಂಡಿನ ಹೆಂಗಸರು ಮಂಚದ ಸುತ್ತ ಕೂತಿದ್ದರು. ಕೊಳಲು ತಮಟೆಗೆ ಬಿಳಿ ಪೇಟದ ಗಂಡಸರು ಸುತ್ತು ಹಾಕುತ್ತಿದ್ದರು. ಸಾವಿಗೆ ಬಂದು ನಿಂತ ಜೀಪುಗಳನ್ನು ನಂಜುಂಡೇಶ ಎಣಿಸಿದ: ಇಪ್ಪತ್ತೇಳು. ವೆಲ್ಲಿಂಗ್ಟನ್ ದಂಡಿನ ತೋಟದಲ್ಲಿ ಮಾಲಿಯಾಗಿದ್ದವನಿಗೆ ಇಪ್ಪತ್ತೇಳು ಜೀಪು! ಬಸ್‌ಸ್ಟಾಪಿನಲ್ಲಿ ಮೂವತ್ತು ವರ್ಷ ಗೊಬ್ಬರ, ಬೀಜದ ಅಂಗಡಿ ಇಟ್ಟ ತಾನು ಸತ್ತರೆ ಹುಟ್ಟೂರು ಗುಂಡ್ಲುಪೇಟೆಯಿಂದ ಒಂದು ಟೆಂಪೋ ಬಂದರೆ ಹೆಚ್ಚು. ಸತ್ತವನ ಮುಖದಲ್ಲಿದ್ದ ನೆಮ್ಮದಿಗೂ ಅವನು ಕರುಬಿದ.

*

ಆರು ವರ್ಷದ ಹಿಂದೆ ದಂಡಿನ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಹಾಲನ್ ಕೈಗೆ ಒಂದು ಲಕೋಟೆ ಕೊಟ್ಟಿದ್ದರು. ಒಳಗೆ ಹೆಬ್ಬೆರಳಗಲದ ನಾಲ್ಕು ಬೀಜ. ಹಾಲನ್ ನೇರವಾಗಿ ನಂಜುಂಡೇಶನ ಅಂಗಡಿಗೆ ಬಂದು ಎರಡನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟ. "ಒಬ್ಬನೇ ಬೆಳೆದರೆ ಏನು ಚೆಂದ ತಮ್ಮಾ? ಪಕ್ಕದಲ್ಲಿ ಒಬ್ಬ ಇರಬೇಕು."

ಅಕ್ಕಪಕ್ಕದ ಪಾತಿ, ನಡುವೆ ಮೊಣಕಾಲೆತ್ತರದ ಕಲ್ಲುಗೋಡೆ. ಬೀಜ ಒಂದೇ, ಮಣ್ಣು ಒಂದೇ, ಮಳೆಯೂ ಒಂದೇ. ಆದರೂ ಹಾಲನ್‌ನ ಕಾಯಿ ದಿನಕ್ಕೊಂದು ಹಿಡಿ ಮುಂದೆ. ಹಾಲನ್ ತನ್ನ ಚಹಾ ಗಿಡಗಳ ತೇಯಿಲೆ ಮಾರಲು ಹೋದಾಗ ನಂಜುಂಡೇಶ ಗೋಡೆ ದಾಟಿ, ದರ್ಜಿಯ ಟೇಪಿನಿಂದ ಅದರ ಸೊಂಟ ಅಳೆದು ಬರುತ್ತಿದ್ದ. ರಾತ್ರಿಯಿಡೀ ಅದು ಬೆಳೆಯುವ ಸದ್ದು ತನ್ನ ಗೋಡೆಗೆ ಕೇಳುತ್ತದೆಂದು ಹೆಂಡತಿ ಸುನೀತಾಗೆ ಹೇಳಿ ಬೈಸಿಕೊಂಡಿದ್ದ.

ಪೈಪೋಟಿಗೆ ಒಂಬತ್ತು ದಿನವಿದೆ ಎನ್ನುವಾಗ, ಹಟ್ಟಿಯೆಲ್ಲ ತೇಯಿಲೆ ತೂಗಿಸಲು ಹೋಗಿದ್ದ ಮಧ್ಯಾಹ್ನ, ನಂಜುಂಡೇಶನ ಕೂಗು ದೊಡ್ಡಬೆಟ್ಟಕ್ಕೆ ಬಡಿದು ವಾಪಸ್ಸು ಬಂತು. ಅವನ ಬಳ್ಳಿಯನ್ನು ಯಾರೋ ಕುಡುಗೋಲಿನಿಂದ ಕೊಯ್ದಿದ್ದರು. ನಾರಿನಷ್ಟು ಸಿಪ್ಪೆ ಮಾತ್ರ ಹಿಡಿದುಕೊಂಡಿತ್ತು. ಅವನು ಯಾರ ಹೆಸರನ್ನೂ ಹೇಳಲಿಲ್ಲ. "ನನ್ ಕಾಯಿ ಕಂಡ್ರೆ ಯಾರಿಗೆ ನಿದ್ದೆ ಬತ್ತಿರ್ನಿಲ್ಲವೋ ಅವರು" ಎಂದಷ್ಟೇ ಅಂದ. ಉಳಿದದ್ದನ್ನು ಹಟ್ಟಿಯೇ ತುಂಬಿಕೊಂಡಿತು.

ಎಲ್ಲರಿಗಿಂತ ಮೊದಲು ಓಡಿಬಂದವನು ಹಾಲನ್. ಮಂಡಿಯೂರಿ ಕೂತು ಗಾಯವನ್ನು ಬಹಳ ಹೊತ್ತು ನೋಡಿದ. ಒಲೆಬೂದಿ ತರಿಸಿ ಒಸರುವ ಬಾಯಿಗೆ ಒತ್ತಿದ. ತಲೆಯ ಪೇಟ ಬಿಚ್ಚಿ ಪಟ್ಟಿಪಟ್ಟಿಯಾಗಿ ಹರಿದು, ಮುರಿದ ಕೈ ಕಟ್ಟುವಂತೆ ಎರಡು ಬಿದಿರುಕಡ್ಡಿಯ ನಡುವೆ ಬಳ್ಳಿ ಕಟ್ಟಿದ. ಮುಂದಿನ ಗೆಣ್ಣುಗಳಿಗೆಲ್ಲ ಒದ್ದೆ ಮಣ್ಣು ಏರಿಸಿದ. "ಗೆಣ್ಣು ಬೇರು ಬಿಟ್ಟರೆ ಬುಡ ಹೋದರೂ ಕಾಯಿ ಬದುಕ್ತದೆ ತಮ್ಮಾ. ಇದನ್ನ ಮೊದಲೇ ಮಾಡಬೇಕಿತ್ತು." ಕಾಯಿ ಬದುಕಿತು, ಬೆಳೆಯಲಿಲ್ಲ. ಪೈಪೋಟಿಗೆ ಹಾಲನ್ ತನ್ನದನ್ನೂ ಒಯ್ಯಲಿಲ್ಲ. ಒಯ್ದರೆ ಜನ ಏನನ್ನುತ್ತಾರೋ ಎಂದು ಅದನ್ನು ಹಸುವಿಗೆ ಹಾಕಿದ. ಮತ್ತೆ ಪೈಪೋಟಿಗೆಂದು ಬೆಳೆದದ್ದು ಈ ವರ್ಷವೇ.

*

ಕೊಳಲು ನಿಂತಿತು. ಸತ್ತವರ ಪಾಪಗಳನ್ನು ಎಲ್ಲರೆದುರು ಒಂದೊಂದಾಗಿ ಹೇಳಿ ಕಳೆಯುವ ಹೊತ್ತು. ಹಟ್ಟಿಯ ಹಿರಿಯ ಅರಿ ಗೌಡರು ಮಂಚದ ತಲೆಯ ಕಡೆ ನಿಂತರು. ಮಾಡಿದ್ದೂ ಮಾಡದ್ದೂ ಎಲ್ಲವನ್ನೂ ಹೇಳಬೇಕು. ಊರಿಗೆ ಗೊತ್ತಿದ್ದುದನ್ನು ಬಿಟ್ಟರೆ ಅದು ಹೆಗಲೇರಿ ಜೊತೆಗೇ ಹೋಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ.

"ಬಾಯಾರಿ ಬಂದವರಿಗೆ ನೀರಿಲ್ಲ ಅಂದಿದ್ದರೆ, ಪಾಪ."

"ಕಳೀಲಿ" ಎಂದಿತು ಬಯಲು.

"ಹಾಲು ಕುಡಿಯೋ ಕರುವ ಎಳೆದು ಕಟ್ಟಿದ್ದರೆ, ಪಾಪ."

"ಕಳೀಲಿ."

ನಂಜುಂಡೇಶನೂ ದನಿಗೂಡಿಸಿದ. ಅವನ ದನಿಯೇ ಎಲ್ಲರಿಗಿಂತ ದೊಡ್ಡದಿತ್ತು.

"ಪಕ್ಕದವನ ಕುಂಬಳದ ಬಳ್ಳಿ ಕೊಯ್ದ ಪಾಪ."

ಯಾರೂ ಕಳೀಲಿ ಎನ್ನಲಿಲ್ಲ. ಗೌಡರು ತಿರುಗಿದರು. "ನಂಜುಂಡೇಶಾ, ಕಳಕೊಂಡವನು ನೀನು. ನೀ ಮೊದಲು ಬಿಟ್ಟೆ ಅನ್ನು. ಆಮೇಲೆ ನಾವು."

ಇನ್ನೂರು ಮುಖ ಅವನತ್ತ. ಇಷ್ಟು ಜನ ಒಟ್ಟಿಗೆ ತನ್ನ ಮಾತಿಗೆ ಕಾದದ್ದು ಅವನ ಬದುಕಿನಲ್ಲೇ ಇಲ್ಲ. ಎದೆ ತಾನಾಗಿ ಉಬ್ಬಿತು. "ಬುಡದೇನೋ ಬುಡ್ತೀನಿ ಗೌಡ್ರೇ. ಆದ್ರೆ ಎಂಥಾ ಕಾಯಿ ಅದು! ಇನ್ನೊಂಬತ್ತು ದಿನ ಇದ್ದಿದ್ರೆ..."

ವಸಂತಾಮಣಿ ಎದ್ದಳು. ಮಂಚದ ಪಕ್ಕದ ಕುಂಬಳದ ಬಳಿ ಬಂದು, ಬೆಳಿಗ್ಗೆ ಕೊಯ್ದ ತೊಟ್ಟಿನ ಓರೆಯ ಮೇಲೆ ಬೆರಳಿಟ್ಟಳು. ನೀರು ಇನ್ನೂ ಒಸರುತ್ತಿತ್ತು.

"ನಂಜುಂಡಣ್ಣಾ, ಅವತ್ತು ಸಂಜೆ ಮನೆಗೆ ಬಂದು ಇವರು ಒಂದು ಮಾತು ಹೇಳಿದರು. ಬಲಗೈಯವರು ಕೊಯ್ದರೆ ಓರೆ ಆ ಕಡೆಗೆ ಬೀಳ್ತದೆ, ಇದು ಈ ಕಡೆಗೆ ಬಿದ್ದಿದೆ ಅಂತ. ಇವತ್ತಿನ ಓರೆಯೂ ಹಾಗೇ ಬಿದ್ದಿದೆ ನೋಡಿ. ನಮ್ಮಲ್ಲಿ ಎಡಗೈಲಿ ಕುಡುಗೋಲು ಹಿಡಿಯೋರು ಒಬ್ಬರೇ. ನಾ ಸಾಯೋವರೆಗೂ ಯಾರಿಗೂ ಹೇಳಬೇಡ ಅಂದಿದ್ದರು." ಅವಳು ಮಂಚದತ್ತ ನೋಡಿದಳು. "ಈಗ ಸತ್ತಿದ್ದಾರೆ."

ನಂಜುಂಡೇಶ ಎಡಗೈಯನ್ನು ಬೆನ್ನ ಹಿಂದಕ್ಕೆ ಒಯ್ದ. ಒಯ್ದದ್ದನ್ನು ಎಲ್ಲರೂ ನೋಡಿದರು. ಬಳ್ಳಿ ಕಡಿದದ್ದು ಹಂದಿ ಎನ್ನಬಹುದಿತ್ತು, ಮುಳ್ಳುಹಂದಿ ಎನ್ನಬಹುದಿತ್ತು.

"ನಾನೇ ಕುಯ್ದೆ ಕನಕ್ಕ" ಎಂದ. "ಹಾಲಣ್ಣಂದು ಕುಯ್ಯಕೇ ಹೋಗಿದ್ದೆ. ಗೋಡೆ ದಾಟಿ ನೋಡುದ್ರೆ ಗೆಣ್ಣುಗೆಣ್ಣಿಗೂ ಮಣ್ಣು ಕೊಟ್ಟಿದ್ದ. ಒಂದು ಕಡೆ ಕುಯ್ದ್ರೆ ಹತ್ತು ಕಡೆಯಿಂದ ನೀರು ಕುಡೀತಿತ್ತು ಅದು. ವಾಪಸ್ ಬಂದು ನಂದ್ನೇ ಕುಯ್ಕಂಡೆ. ಸೋತೋನು ಅನ್ನುಸ್ಕಳದ್ಕಿಂತ ಇದು ವಾಸಿ ಅನ್ನುಸ್ತು."

ಸುರೇಂದ್ರನ್ ಕೇಳಿದ, "ಎಷ್ಟಿತ್ತು ಮಾವ, ನಿಮ್ಮ ಕುಂಬಳ?"

"ನಲವತ್ತೊಂದು ಕಿಲೋ."

ಅರಿ ಗೌಡರು ಮತ್ತೆ ಮಂಚದತ್ತ ತಿರುಗಿದರು. "ಆ ಪಾಪ ಇಲ್ಲಿಲ್ಲ" ಎಂದು ಮುಂದಿನದಕ್ಕೆ ಹೋದರು. ಬಯಲು ಮತ್ತೆ ಕಳೀಲಿ, ಕಳೀಲಿ ಎನ್ನತೊಡಗಿತು.

ಮಂಚ ಎದ್ದಿತು. ಕೊಳಲು ಮುಂದೆ, ಜನ ಹಿಂದೆ, ತೇಯಿಲೆ ಸಾಲುಗಳ ನಡುವೆ ಇಳಿದು ಹೋದರು. ಕುಂಬಳದ ಮುಂದೆ ನಂಜುಂಡೇಶ ಮಂಡಿಯೂರಿ ಕೂತಿದ್ದ. ಹೆಗಲ ಟವೆಲನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಬಳ್ಳಿಯೇ ಇಲ್ಲದ ಆ ತೊಟ್ಟಿಗೆ ಸುತ್ತು ಮೇಲೆ ಸುತ್ತು ಬಿಗಿಯಾಗಿ ಕಟ್ಟುತ್ತಿದ್ದ. ಕಟ್ಟಿದಷ್ಟೂ ಬಟ್ಟೆ ಒದ್ದೆಯಾಗುತ್ತಿತ್ತು.