ರಂಜಾನಬಿಯ ಗುಮ್ಮಿ

ಅಂಬಮ್ಮ ಮತ್ತೊಂದು ಕೊಡ ನೀರು ತಂದು ಹೊಸ್ತಿಲ ಹೊರಗೇ ಇಳಿಸಿದಳು. ಒಳಗೆ ಸೀರೆಯ ಮರೆಯಲ್ಲಿ ರಂಜಾನಬಿಗೆ ಕೊನೆಯ ಸ್ನಾನ ನಡೆದಿತ್ತು. ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ತಂಗಿ ಕಮರುನ್ನೀಸಾ ಕೈ ಚಾಚಿ ಕೊಡವನ್ನು ಒಳಗೆಳೆದುಕೊಂಡಳು.

“ಸಾಕಾತೇನ್ರೀ?”

“ಇನ್ನೊಂದು ತಾ ಅಂಬವ್ವ. ನಮ್ಮಕ್ಕ ಇದ್ದಾಗ ಎರಡ ತಂಬಿಗ್ಯಾಗ ಜಳಕಾ ಮುಗಸ್ತಿದ್ಲು. ಇವತ್ತರ ಆರಾಮ ಆಗ್ಲಿ.”

ನಳದ ಹತ್ತಿರ ಪಂಚಾಯ್ತಿ ಮೆಂಬರ್ ಪಂಪಾಪತಿ ನಿಂತಿದ್ದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದ.

“ಅಂಬವ್ವ, ಅಕ್ಕಿ ಟ್ರ್ಯಾಕ್ಟರ್ ಮಿಲ್ಲಿನಿಂದ ಹೊಂಟದ. ಬರತದ ಅಂತ ನಿನ್ನಿ ಈ ಮುದುಕಿಗೇ ಹೇಳಿ ಹೋಗಿದ್ದೆ. ಈಗ ಹ್ಯಾಂಗ ಮಾಡೋದು?”

“ಇಳಸ್ರಿ ಯಪ್ಪಾ.”

“ಇಳಸಬೌದು. ಆಕಿ ಬಿಟ್ರ ಅಳದು ಕೊಡೋರು ಯಾರು? ಖೋಲ್ಯಾಗ ಹಾಕಿ ಕೀಲಿ ಜಡದ್ರ ಇಲಿ ತಿಂತಾವ. ಅಳಿಯೋರಿಲ್ಲಂದ್ರ ಮುಂದಿನ ಊರಿಗೆ ಕಳಸ್ರಿ ಅಂದಾರ ಅಧ್ಯಕ್ಷರು. ಇಲ್ಲಾ, ನೀ ಅಳೀತಿ ಏನು?”

ಅಂಬಮ್ಮ ನಳದ ನೀರನ್ನೇ ನೋಡಿದಳು. “ನಾ ಅಳದ್ರ ಯಾರು ಉಡಿ ಒಡ್ಡತಾರ್ರೀ?”

ಪಂಪಾಪತಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಗಂಡಸರ ಕಡೆ ನಡೆದ. ಕೊಡ ತುಂಬಿ ಹೊರಗೆ ಚೆಲ್ಲತೊಡಗಿತು.

ಎರಡು ತಿಂಗಳಿಂದ ಊರಿಗೆ ರೇಷನ್ ಬಂದಿರಲಿಲ್ಲ. ಮೊದಲು ಹೆಬ್ಬೆಟ್ಟಿನ ಮಷೀನು ಕೆಟ್ಟಿತು, ಅದು ಸರಿಯಾಯಿತು ಅನ್ನುವಷ್ಟರಲ್ಲಿ ಲಾರಿಯೇ ಬರಲಿಲ್ಲ. ಇಲ್ಲಿಯತನಕ ಒಲೆಗಳು ಉರಿದದ್ದು ರಂಜಾನಬಿ ಊರಿಗಾಗಿ ಇಟ್ಟ ಗುಮ್ಮಿಯ, ಅಂದರೆ ಕಣಜದ, ಕಾಳಿನಿಂದ. ಅದರ ತಳ ಕಂಡಾಗ ಪಂಚಾಯ್ತಿಯವರು ಕೂಡಿ ಮಾತಾಡಿ, ತಮ್ಮ ಸ್ವಂತ ತೆರಿಗೆಯ ಹಣದಲ್ಲಿ ಅಕ್ಕಿ ಕೊಂಡಿದ್ದರು. ಆ ಟ್ರ್ಯಾಕ್ಟರ್ ಈಗ ಹಾಗೇ ಮುಂದೆ ಹೋದರೆ, ನಾಳೆ ಬೆಳಿಗ್ಗೆ ಅಂಬಮ್ಮನ ಮೊಮ್ಮಕ್ಕಳ ಗಂಗಾಳಕ್ಕೂ ಏನೂ ಇರಲಿಲ್ಲ.

*

ರಾಯಚೂರ ಗಂಜಿನ ಕಾಳಿನ ಪೇಟೆಯಲ್ಲಿ ರಂಜಾನಬಿ, ಅಂಬಮ್ಮ ಇಬ್ಬರೂ ಕಸಬರಿಗೆ ಹಿಡಿದವರು. ಹಮಾಲರು ಚೀಲ ಹೊತ್ತು ಹೋದ ದಾರಿಯಲ್ಲಿ ಚೆಲ್ಲಿದ ಕಾಳು ಗುಡಿಸಿ, ಕಲ್ಲುಮಣ್ಣು ಕೇರಿ, ಶನಿವಾರ ಸಂಜೆ ದೇವದುರ್ಗದ ಬಸ್ಸು ಹತ್ತುತ್ತಿದ್ದರು. ರಂಜಾನಬಿ ತನ್ನ ಗಂಟಿನಲ್ಲಿ ಯಾವಾಗಲೂ ಒಂದಿಷ್ಟು ಬೇರೆ ಕಟ್ಟುತ್ತಿದ್ದಳು. ಗಂಡ ಸತ್ತ ವರ್ಷ, ಯಾರ ಬಾಗಿಲಿಗೆ ಹೋಗಿ ಕೇಳಲಿ ಎಂದು ತಿಳಿಯದೆ ಇಡೀ ದಿನ ಹಸಿದ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳು ಆಕೆ. ಬಿದಿರಿನ ಗುಮ್ಮಿಯೊಂದಕ್ಕೆ ಸಗಣಿ ಬಳಿದು ಮನೆಯ ಪಡಸಾಲೆಯಲ್ಲಿ ಇಟ್ಟಳು. ಇಲ್ಲದವರು ಒಯ್ಯಬೇಕು, ಕೈಗೆ ಕಾಳು ಬಂದಾಗ ತಂದು ಹಾಕಬೇಕು. ಅಷ್ಟೇ.

“ತಿರುಗಿ ಹಾಕಲಿಲ್ಲಂದ್ರ?” ಎಂದು ಅಂಬಮ್ಮ ಕೇಳಿದ್ದಳು.

“ಮತ್ತ ಕೇಳಾಕ ಬರ್ತಾರಲ್ಲ ಬೇ, ಆಗ ಅವರ ಮಾರಿ ನೋಡ್ತೀನಿ. ಮಜಾ ಇರತದ.”

ನೋಡಿದ ಮೇಲೆ ಮತ್ತೆ ಕೊಡುತ್ತಿದ್ದಳು.

ಮುಂದೆ ಪಂಚಾಯ್ತಿಯವರು ಹಳೆಯ ಅಂಗನವಾಡಿಯ ಕೋಣೆ ಬಿಟ್ಟುಕೊಟ್ಟರು, ತಗಡಿನ ಪೀಪಾಯಿ ಕೊಟ್ಟರು. ಹೆಸರು ಮಾತ್ರ ಗುಮ್ಮಿ ಎಂದೇ ಉಳಿಯಿತು. ಗುಡಿಸುವುದು, ಕೇರುವುದು, ಚೀಲ ಹೊಲಿಯುವುದು ಅಂಬಮ್ಮನ ಕೆಲಸ. ಅಳೆದು ಕೊಡುವುದು ರಂಜಾನಬಿಯದು. ಹೀಗೇ ಆಗಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಅಂಬಮ್ಮ ಊರ ಹೆಬ್ಬಾಗಿಲು ಅಗಸಿಯ ಹೊರಗಿನ ಕೇರಿಯವಳು. ಸುಗ್ಗಿಯಲ್ಲಿ ಅವಳ ಅವ್ವ ದೊಡ್ಡಮನಿಯವರ ಕಣದ ಅಂಚಿಗೆ ನಿಂತು ಉಡಿ ಒಡ್ಡುತ್ತಿದ್ದಳು. ಕಾಳು ಮೇಲಿನಿಂದ ಬೀಳುತ್ತಿತ್ತು, ಅವ್ವ ಬಾಗುತ್ತಿದ್ದಳು. ಆ ದೊಡ್ಡಮನಿಯ ಹೊಲ ಈಗ ಪಾಲಾಗಿ, ಪಾಲಾದದ್ದು ಮಾರಿಹೋಗಿ, ಸೊಸೆ ಬಂಡೆಮ್ಮನೂ ರೇಷನ್ ಅಂಗಡಿಗೆ ನಿಲ್ಲುವಂತಾಗಿತ್ತು. ಗುಮ್ಮಿಯ ಕಡೆ ಮಾತ್ರ ಆಕೆ ಹಾಯುತ್ತಿರಲಿಲ್ಲ. ರಂಜಾನಬಿಯೇ ಸೆರಗಿನ ಕೆಳಗೆ ಕಾಳು ಮುಚ್ಚಿಕೊಂಡು ಅವಳ ಹಿತ್ತಿಲಿಗೆ ಹೋಗಿ ಕೊಟ್ಟು ಬರುತ್ತಿದ್ದಳು. ಇದು ಅಂಬಮ್ಮನಿಗೆ ಗೊತ್ತು, ಊರಿಗೆ ಗೊತ್ತಿಲ್ಲ.

*

ಜನಾಜಾ ಎದ್ದಿತು. ಮಗ ಮುಷರ್ರಫ್ ಮುಂದೆ ಹೆಗಲು ಕೊಟ್ಟ. ಅಗಸಿಯ ಒಳಗಿನವರು, ಹೊರಗಿನವರು, ಊರ ಗಂಡಸರೆಲ್ಲ ಹೆಗಲು ಬದಲಿಸುತ್ತ ಖಬರಸ್ತಾನದ ಕಡೆ ನಡೆದರು. ಪಂಪಾಪತಿಯೂ ಹೋದ. ಹೆಂಗಸರು ಅಂಗಳದಲ್ಲಿ ಉಳಿದರು.

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಬಂದು ಎದುರಿನ ಗುಮ್ಮಿಯ ಕೋಣೆಯ ಮುಂದೆ ನಿಂತಿತು. ಡ್ರೈವರ್ ಚನ್ನವೀರ ಇಳಿಯದೆಯೇ ಕೇಳಿದ. “ಚೀಲ ಇಳಸೋ ಗಂಡಸ್ರು ಎಲ್ಲಿ?”

“ಮಣ್ಣಿಗೆ ಹೋಗ್ಯಾರ,” ಎಂದಳು ಅಂಬಮ್ಮ.

“ಹಂಗಾರ ನಾ ಮುಂದಿನೂರಿಗೆ ಹೊಂಟೆ. ಅಲ್ಲೂ ಕಾಯಾಕತ್ತಾರ.”

ಕಮರುನ್ನೀಸಾ ಮೂಗು ಒರೆಸಿಕೊಂಡು ಎದ್ದಳು. “ಅರೆ, ನಿಂದ್ರೋ ಬೇಟಾ! ನಮ್ಮಕ್ಕನ್ನ ಈಗರ ಕಳಿಸೀವಿ. ಆಕಿ ಅಕ್ಕೀನೂ ಕಳಸಬೇಕಾ?” ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಒಂದು ಚೀಲಕ್ಕೆ ನಾಲ್ಕು ಹೆಂಗಸರು. ಅಳುತ್ತಿದ್ದವರೂ ಬಂದು ಮೂಲೆ ಹಿಡಿದರು.

“ಹಮಾಲಿ ಯಾರು ಕೊಡ್ತಾರ್ಬೇ?”

“ಡ್ರೈವರ್ ಮೀಸಿ ಕೊಡ್ತಾನ, ತಗೊ. ಕುಂತಲ್ಲೇ ಕುಂತು ಅದನ್ನ ಬೆಳಸಾಕತ್ತಾನ.”

ಚನ್ನವೀರ ಇಳಿದು ಬಂದು ಉಳಿದ ಚೀಲಗಳಿಗೆ ಬೆನ್ನು ಕೊಟ್ಟ.

ಟ್ರ್ಯಾಕ್ಟರ್ ಹೋಯಿತು. ಕೋಣೆಯಲ್ಲಿ ಅಕ್ಕಿ ಇತ್ತು, ಹೊರಗೆ ಬೋಗಾಣಿ, ಡಬ್ಬಿ ಹಿಡಿದ ಹೆಂಗಸರಿದ್ದರು.

“ಯಾರರ ಅಳೀರಿ,” ಎಂದಳು ಅಂಬಮ್ಮ.

“ನಾ ಮಾನ್ವಿಗೆ ಹೋಗಾಕಿ,” ಎಂದಳು ಕಮರುನ್ನೀಸಾ. “ಇದು ನಿಮ್ಮೂರ ಹೊಟ್ಟಿ. ನೀನ ಅಳಿ.”

ಅಂಬಮ್ಮ ಚೀಲದ ಹೊಲಿಗೆ ಬಿಚ್ಚಿ ಸೇರು ತುಂಬಿ ನಿಂತಳು. ಯಾರೂ ಮುಂದೆ ಬರಲಿಲ್ಲ. ಅಗಸಿಯ ಒಳಓಣಿಯವರು ಮೊದಲು ಹೋಗಲಿ ಎಂದು ಕೇರಿಯವರು ನಿಂತರು. ಒಳಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ತುಂಬಿದ ಸೇರು ಭಾರವಾಗಿ ಅಂಬಮ್ಮನ ಕೈ ಸೋಲತೊಡಗಿತು. ಇನ್ನೇನು ಅದನ್ನು ಚೀಲಕ್ಕೇ ಸುರಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಬಂಡೆಮ್ಮ ದಾರಿ ಮಾಡಿಕೊಂಡು ಬಂದಳು. ರಂಜಾನಬಿಯ ಮುಖ ನೋಡಿ ಹೋಗಲು ಬಂದವಳು ಇನ್ನೂ ಮನೆಗೆ ಹೋಗಿರಲಿಲ್ಲ.

“ಏನ್ ನೋಡಾಕತ್ತೀರಿ?” ಎಂದು ಎಲ್ಲರಿಗೂ ಕೇಳುವಂತೆ ಅಂದಳು. “ಇನ್ನ ಮ್ಯಾಲ ನನ್ನ ಹಿತ್ತಲಕ ಯಾರು ತಂದು ಕೊಡ್ತಾರ?”

ಉಡಿ ಒಡ್ಡಿದಳು.

ಅಂಬಮ್ಮ ತಾಗದಂತೆ ದೂರದಿಂದಲೇ ಸುರಿದಳು, ಅರ್ಧ ಅಕ್ಕಿ ಉಡಿಗೆ, ಅರ್ಧ ನೆಲಕ್ಕೆ ಬಿತ್ತು. ಬಳಿಯಲು ಇಬ್ಬರೂ ಒಮ್ಮೆಲೇ ಬಾಗಿದರು. ತಲೆಗೆ ತಲೆ ಖಟ್ಟೆಂದು ಹೊಡೆಯಿತು.

“ತಪ್ಪಾತ್ರೀ ಯವ್ವಾ!” ಅಂಬಮ್ಮ ಗೋಡೆಯತನಕ ಹಿಂದೆ ಸರಿದಳು.

“ಎಲ್ಲಿ ಹೊಂಟಿ? ಬಾ ಇಲ್ಲಿ. ಒಂದ ಸಲ ತಾಗಿಸಿ ಬಿಟ್ರ ಕೊಂಬು ಬರ್ತಾವ.”

ಬಂಡೆಮ್ಮ ಒಂದು ಕೈಯಲ್ಲಿ ಉಡಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅಂಬಮ್ಮನ ತಲೆಯನ್ನು ಹತ್ತಿರಕ್ಕೆಳೆದು, ತನ್ನ ಹಣೆಯನ್ನು ಮತ್ತೊಮ್ಮೆ ಅವಳ ಹಣೆಗೆ ಮೆಲ್ಲಗೆ ತಾಗಿಸಿದಳು. ಹಿಂದೆ ಯಾರೋ ನಕ್ಕರು. ಬೋಗಾಣಿಗಳು ಒಂದಕ್ಕೊಂದು ಬಡಿಯುತ್ತ ಮುಂದೆ ಸರಿದವು.